ಕಷ್ಟದ ಕಾಲದಲ್ಲಿ ಕ್ರೈಸ್ತ ನಂಬಿಕೆ: ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಕೊಡಗಿನಿಂದ ಬಂದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಹೆಸರು ಹಾಕಬೇಡಿ ಎಂದು ಬಹಳ ಮಂದಿ ಕೇಳಿಕೊಂಡಿರುವುದರಿಂದ ಊರಿನ ಹೆಸರನ್ನಷ್ಟೇ ಕೊಟ್ಟಿದ್ದೇವೆ. ಉತ್ತರದಲ್ಲಿ ಬರುವ ವಚನಗಳನ್ನು ನಿಮ್ಮ ಮನೆಯ ಬೈಬಲಿನಲ್ಲೇ ತೆರೆದು ಓದಿ. ಅವುಗಳ ಹಿಂದಿನ, ಮುಂದಿನ ಸಾಲುಗಳನ್ನೂ ಓದಬೇಕು. ಹಾಗೆ ಏಕೆ ಹೇಳುತ್ತಿದ್ದೇವೆ ಎಂಬುದು ಎರಡನೇ ಪ್ರಶ್ನೆಗೆ ಬರುವಷ್ಟರಲ್ಲಿ ತಿಳಿಯುತ್ತದೆ.

2018ರ ಆಗಸ್ಟ್‌ನಲ್ಲಿ ಬರೆ (ಗುಡ್ಡದ ಇಳಿಜಾರು) ಜರಿದು ನಮ್ಮ ಮನೆ, ಎರಡು ಎಕರೆ ಕಾಫಿ ತೋಟ ಹೋಯಿತು. 'ನಿಮ್ಮ ಮನೆಯಲ್ಲಿ ಏನೋ ಪಾಪ ಇತ್ತು' ಎಂದು ನೆಂಟರೊಬ್ಬರು ಅಂದದ್ದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಚರ್ಚಿಗೆ ಹೋಗುತ್ತೇನೆ, ಆದರೆ ಪ್ರಾರ್ಥನೆ ಬಾಯಿಗೆ ಬರುವುದಿಲ್ಲ. ಜೂನ್ ಬಂತೆಂದರೆ ರಾತ್ರಿ ನಿದ್ದೆಯೂ ಇಲ್ಲ. ನನ್ನ ನಂಬಿಕೆ ಸತ್ತುಹೋಯಿತೇ? (ಮಾದಾಪುರ)

ನೆಂಟರ ಆ ಮಾತಿಗೆ ಯೇಸುವೇ ಉತ್ತರ ಕೊಟ್ಟಿದ್ದಾರೆ. ಲೂಕ 13ನೇ ಅಧ್ಯಾಯದ ಮೊದಲ ಐದು ವಚನ ನೋಡಿ. ಸಿಲೋವದಲ್ಲಿ ಗೋಪುರ ಕುಸಿದು 18 ಜನ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂದು ತಿಳಿದಿರಾ ಎಂದು ಯೇಸು ಕೇಳಿ, ಅಲ್ಲವೇ ಅಲ್ಲ ಎಂದು ತಾವೇ ಹೇಳುತ್ತಾರೆ. ಯೋಹಾನ 9ರಲ್ಲಿ ಹುಟ್ಟುಕುರುಡನನ್ನು ತೋರಿಸಿ 'ಇವನ ಪಾಪವೋ, ತಂದೆತಾಯಿಯ ಪಾಪವೋ' ಎಂದು ಶಿಷ್ಯರು ಕೇಳಿದಾಗಲೂ ಎರಡೂ ಅಲ್ಲವೆಂದೇ ಉತ್ತರ. ನಿಮ್ಮ ಬರೆ ಜರಿದದ್ದಕ್ಕೆ ಕಾರಣ ಮಣ್ಣಿನಲ್ಲಿದೆ. ದಿನಗಟ್ಟಲೆ ಬಿಡದೆ ಸುರಿದ ಮಳೆಗೆ ಮಣ್ಣು ನೀರು ಕುಡಿದು ಭಾರವಾಯಿತು, ರಸ್ತೆಗೂ ಮನೆಗೂ ಬುಡ ಕಡಿದಿದ್ದ ಇಳಿಜಾರುಗಳು ಹಿಡಿತ ಕಳೆದುಕೊಂಡವು. ಅದನ್ನು ಒಂದು ಮನೆಯವರ ಪಾಪದ ಲೆಕ್ಕಕ್ಕೆ ಬರೆಯುವ ಅಧಿಕಾರ ಯಾರಿಗೂ ಇಲ್ಲ.

ಪ್ರಾರ್ಥನೆ ಬಾಯಿಗೆ ಬಾರದಿರುವುದಕ್ಕೆ ಹೆಚ್ಚಾಗಿ ಒಂದೇ ಕಾರಣ ಇರುತ್ತದೆ. ದೇವರ ಮುಂದೆ ಸ್ತೋತ್ರ, ಕೃತಜ್ಞತೆ ಮಾತ್ರ ಹೇಳಬೇಕೆಂದು ನಮಗೆ ಚಿಕ್ಕಂದಿನಿಂದ ಕಲಿಸಿರುತ್ತಾರೆ. ಒಳಗೆ ಸಿಟ್ಟು, ದುಃಖ ತುಂಬಿರುವಾಗ ಸ್ತೋತ್ರ ಹೊರಡದು, ಬೇರೆ ಮಾತಾಡಲು ಧೈರ್ಯ ಸಾಲದು, ಬಾಯಿ ಕಟ್ಟುತ್ತದೆ. ಆದರೆ ಬೈಬಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳಿನ ಹಾಡುಗಳೇ. ಅವನ್ನು ದೇವಾಲಯದಲ್ಲಿ ಎಲ್ಲರೆದುರು ಹಾಡುತ್ತಿದ್ದರು. ದೂರು ಹೇಳುವುದು ನಂಬಿಕೆ ಸತ್ತವರ ಕೆಲಸವಲ್ಲ. ಕೇಳುವವರು ಇದ್ದಾರೆಂಬ ನಂಬಿಕೆ ಇದ್ದವರೇ ದೂರು ಕೊಡುವುದು.

ಕೀರ್ತನೆ 13ರಿಂದ ಆರಂಭಿಸಿ, ಆರೇ ವಚನಗಳಿವೆ. ಮೊದಲೆರಡರಲ್ಲಿ 'ಎಲ್ಲಿಯವರೆಗೆ' ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಮುಂದಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ಹೊತ್ತು ಒಂದೇ ಇರಲಿ. ಬೆಳಗ್ಗೆ ಕಾಫಿ ಕುಡಿದ ಮೇಲಾದರೂ ಆದೀತು. ಮೊದಲ ವಾರ ಒಂದು, ಎರಡನೇ ವಚನಗಳನ್ನು ಮಾತ್ರ ಗಟ್ಟಿಯಾಗಿ ಓದಿ, ಆಮೇಲೆ ನಿಮ್ಮ ದೂರನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. 'ಜೀವನ ಕಷ್ಟ' ಎಂಬಂಥ ಮಾತು ಬೇಡ. ತೋಟದ ಹೆಸರು, ಹೋದ ದನ, ಅಡಿಗೆಮನೆಯ ಕಿಟಕಿಯಿಂದ ಕಾಣುತ್ತಿದ್ದ ಮರ, ಅವುಗಳ ಹೆಸರು ಹೇಳಿಯೇ ಬರೆಯಿರಿ. ಎರಡನೇ ವಾರ ಮೂರು, ನಾಲ್ಕನೇ ವಚನ ಸೇರಿಸಿ, ಆ ದಿನಕ್ಕೆ ಬೇಕಾದ ಒಂದೇ ಒಂದು ವಿಷಯ ಕೇಳಿ. ಐದು, ಆರನ್ನು ಮೂರನೇ ವಾರಕ್ಕೆ ಇಟ್ಟುಕೊಳ್ಳಿ. ಎಲ್ಲರೂ ಎಡವುವುದು ಇಲ್ಲೇ: ಮೊದಲ ದಿನವೇ ಐದನೇ ವಚನಕ್ಕೆ ಹಾರುತ್ತಾರೆ, ಒಳಗಿನ ದುಃಖ ಇದ್ದಲ್ಲೇ ಉಳಿಯುತ್ತದೆ, ನಾಲ್ಕು ದಿನದಲ್ಲಿ ಪ್ರಾರ್ಥನೆ ಪೊಳ್ಳಾಗಿ ಕೇಳಿಸುತ್ತದೆ. ಮೂರನೇ ವಾರಕ್ಕೂ ಭರವಸೆಯ ಸಾಲು ಬಾಯಿಗೆ ಬಾರದಿದ್ದರೆ ಕೀರ್ತನೆ 88ಕ್ಕೆ ಹೋಗಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಸಮಾಧಾನದ ಒಂದು ಸಾಲೂ ಇಲ್ಲ. ಹಾಗಿದ್ದೂ ಅದನ್ನು ಪವಿತ್ರ ಗ್ರಂಥದಿಂದ ಯಾರೂ ತೆಗೆಯಲಿಲ್ಲ.

ನಿದ್ದೆಯ ವಿಷಯವೇ ಬೇರೆ. ಮಳೆ ಸದ್ದಿಗೆ ಎದೆ ಹೊಡೆದುಕೊಳ್ಳುವುದು, ನಡುರಾತ್ರಿ ಎದ್ದು ಗೋಡೆ ಮುಟ್ಟಿ ನೋಡುವುದು, ಇವು ದೊಡ್ಡ ಆಘಾತ ಕಂಡ ದೇಹದ ಲಕ್ಷಣಗಳು. ನಂಬಿಕೆ ಕಡಿಮೆಯಾದದ್ದರ ಗುರುತು ಅಲ್ಲ. ಇವು ಒಂದು ತಿಂಗಳಿಗಿಂತ ಹೆಚ್ಚು ಕಾಲ ಕಾಡಿದರೆ ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ಮಳೆಗೆ ಹೊರಡಲಾಗದಿದ್ದರೆ ಟೆಲಿ ಮನಸ್ ಸಂಖ್ಯೆ 14416ಕ್ಕೆ ಕರೆಮಾಡಿ. ಹಗಲು ರಾತ್ರಿ ಯಾವಾಗಲೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. 1 ಅರಸುಗಳು 19ರಲ್ಲಿ ಎಲೀಯನು ಸಾಯಲು ಬಯಸಿ ಪೊದೆಯ ಕೆಳಗೆ ಮಲಗಿದಾಗ ದೇವದೂತನು ಬೋಧನೆ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಎಲೀಯ ಉಂಡು ಮತ್ತೆ ಮಲಗಿದ. ದೂತ ಎರಡನೇ ಸಲವೂ ಎಬ್ಬಿಸಿ ಉಣಿಸಿದ. ದೇವರ ಮಾತು ಬಂದದ್ದು ಅವೆಲ್ಲ ಆದಮೇಲೆ.

ಇನ್ನೊಂದು ಮಾತು. ಹೊಸ ಮನೆಯ ಸುತ್ತಲೂ ನೆಲದಲ್ಲಿ ಬಿರುಕು, ವಾಲಿದ ಮರ ಅಥವಾ ಕಂಬ, ಮೊದಲು ನೀರಿಲ್ಲದ ಕಡೆ ಒಸರುವ ಕೆಂಪು ನೀರು, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು ಕಂಡರೆ ಅಲ್ಲಿ ಕೂತು ಪ್ರಾರ್ಥಿಸಬೇಡಿ. ಹೊರಟು ಬಿಡಿ, 1077ಕ್ಕೆ ತಿಳಿಸಿ, ಪ್ರಾರ್ಥನೆ ದಾರಿಯಲ್ಲಿ ಆಗಲಿ.

ಹಾಗಾದರೆ ಭರವಸೆ ಎಲ್ಲಿದೆ ಎಂದು ಕೇಳಬಹುದು. ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ, 35ನೇ ವಚನದಲ್ಲಿ ಪೌಲನು ಕಷ್ಟ, ಹಿಂಸೆ, ಹಸಿವು, ಬೆತ್ತಲೆ, ಕತ್ತಿ ಎಲ್ಲವನ್ನೂ ಪಟ್ಟಿಮಾಡುತ್ತಾನೆ. ಅವು ಬರುವುದಿಲ್ಲ ಎಂದು ಒಂದು ಕಡೆಯೂ ಹೇಳುವುದಿಲ್ಲ, ಅವು ಕ್ರಿಸ್ತನ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರವು ಎಂದಷ್ಟೇ ಹೇಳುತ್ತಾನೆ. ಕೊಡಗಿನ ಕ್ರೈಸ್ತರಿಗೆ ಇದು ಪುಸ್ತಕದ ಮಾತಾಗಿ ಉಳಿದಿಲ್ಲ. 1784ರಲ್ಲಿ ಟಿಪ್ಪು ಸುಲ್ತಾನ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಆ ಸೆರೆ ಕೊನೆಗೊಂಡದ್ದು 1799ರಲ್ಲಿ. ನಡುವೆ ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟ. 1792ರಲ್ಲಿ ವಿರಾಜಪೇಟೆಯಲ್ಲಿ ಆರಂಭವಾದ ಸಂತ ಅನ್ನಮ್ಮನವರ ಚರ್ಚ್ ಆ ನಿರಾಶ್ರಿತರದು. ಅವರ ಪ್ರಾರ್ಥನೆಗೆ ಉತ್ತರ ಬೇರೆ ಧರ್ಮದ ಅರಸನ ಕೈಯಿಂದ ಬಂತು. ಪರಿಹಾರ ಶಿಬಿರದಲ್ಲಿ ನಿಮಗೆ ಅನ್ನ ಬಡಿಸಿದ ಕೈಗಳನ್ನೂ ಹಾಗೆಯೇ ನೆನೆಯಬಹುದು.

ಅಕಾಲ ಮಳೆಗೆ ಕಾಫಿ ಹಣ್ಣು ಉದುರಿತು, ಮೆಣಸಿನ ಬಳ್ಳಿ ಸೊರಗು ರೋಗಕ್ಕೆ ಹೋಯಿತು. ಬ್ಯಾಂಕಿನ ಸಾಲದ ಜೊತೆ ಕೈಸಾಲವೂ ಇದೆ. ನಾನು ಹೋಗುವ ಪ್ರಾರ್ಥನಾ ಕೂಟದಲ್ಲಿ 'ಹತ್ತು ಸಾವಿರ ಬೀಜ ಕಾಣಿಕೆ ಇಟ್ಟರೆ ನೂರರಷ್ಟು ಬರುತ್ತದೆ' ಎನ್ನುತ್ತಾರೆ. ಬಡ ವಿಧವೆ ಎರಡು ಕಾಸು ಹಾಕಿದ ಕಥೆಯನ್ನೂ ಹೇಳುತ್ತಾರೆ. ಸಾಲ ಮಾಡಿಯಾದರೂ ಕೊಡಬೇಕೇ? (ಸುಂಟಿಕೊಪ್ಪ)

ಬೇಡ. 2 ಕೊರಿಂಥ 8:12ರಲ್ಲಿ ನೇರವಾಗಿದೆ: ಕೊಡುವ ಮನಸ್ಸಿದ್ದರೆ ಒಬ್ಬನಿಗೆ ಇರುವುದಕ್ಕೆ ತಕ್ಕಂತೆ ಕೊಟ್ಟದ್ದು ಒಪ್ಪಿಗೆಯಾಗುತ್ತದೆ, ಇಲ್ಲದ್ದನ್ನು ದೇವರು ಕೇಳುವುದಿಲ್ಲ. ಸಾಲದ ಹಣ ನಿಮ್ಮದಲ್ಲ, ಸಾಲ ಕೊಟ್ಟವರದು.

ವಿಧವೆಯ ಕಥೆ ಮಾರ್ಕ 12:41ರಿಂದ 44ರವರೆಗೆ ಇದೆ. ಅದರ ಹಿಂದಿನ ವಚನ, 40ನೆಯದು, ಯಾವ ಬೋಧಕರೂ ಅದರ ಜೊತೆ ಓದದ ಸಾಲು. ಉದ್ದುದ್ದ ಪ್ರಾರ್ಥನೆ ಮಾಡುತ್ತ ವಿಧವೆಯರ ಮನೆ ನುಂಗುವವರಿಗೆ ಕಠಿಣ ದಂಡನೆಯಿದೆ ಎಂದು ಯೇಸು ಅಲ್ಲಿ ಹೇಳುತ್ತಾರೆ. ಅದರ ಬೆನ್ನಿಗೇ ಬರುವ ವಿಧವೆಯನ್ನು ಕಾಣಿಕೆ ಎತ್ತುವುದಕ್ಕೆ ಸಾಕ್ಷಿಯಾಗಿ ನಿಲ್ಲಿಸುವುದು ಅನ್ಯಾಯ. ರಸೀದಿ ಕೊಡದ, ವರ್ಷದ ಲೆಕ್ಕವನ್ನು ಸಭೆಯ ಮುಂದೆ ಓದದ ಕೂಟಕ್ಕೆ ಹತ್ತು ರೂಪಾಯಿ ಕೊಡುವಾಗಲೂ ಯೋಚಿಸಿ.

ಈಗ ಸಾಲಕ್ಕೆ ಬರೋಣ. ಸಾಲದ ಭಾರಕ್ಕಿಂತ ಅದನ್ನು ಬಚ್ಚಿಡುವ ಭಾರವೇ ಹೆಚ್ಚು. ಒಂದು ಹಾಳೆಯಲ್ಲಿ ಐದು ಕಲಂ ಎಳೆಯಿರಿ: ಯಾರಿಂದ, ಅಸಲು ಎಷ್ಟು, ಬಡ್ಡಿ ಎಷ್ಟು, ಯಾವಾಗ ಕಟ್ಟಬೇಕು, ಅಡವಿಟ್ಟದ್ದು ಏನು. ಕೈಸಾಲದ ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತಿರುಗಿಸಿ. ತಿಂಗಳಿಗೆ ನೂರಕ್ಕೆ ಐದು ಎಂದರೆ ವರ್ಷಕ್ಕೆ ನೂರಕ್ಕೆ 60. ಒಂದು ಲಕ್ಷಕ್ಕೆ 60,000 ರೂಪಾಯಿ ಬಡ್ಡಿಯೇ ಆಗುತ್ತದೆ. ಹಾಗಾಗಿ ಚಿನ್ನವೋ ಇನ್ನೊಂದೋ ಮಾರಿದರೆ ಮೊದಲು ತೀರಬೇಕಾದದ್ದು ಕೈಸಾಲ. ಹಾಳೆಯನ್ನು ಅದೇ ದಿನ ಹೆಂಡತಿಗೆ ತೋರಿಸಿ. ಬ್ಯಾಂಕಿಗೆ ಕಂತಿನ ದಿನಕ್ಕೆ ಮೊದಲೇ ಹೋಗಿ, ಬೆಳೆ ಹಾನಿಯ ಬಗ್ಗೆ ಗ್ರಾಮ ಆಡಳಿತ ಅಧಿಕಾರಿಗೆ (ಹಿಂದಿನ ಹೆಸರು ಗ್ರಾಮ ಲೆಕ್ಕಿಗರು) ಕೊಟ್ಟ ಅರ್ಜಿಯ ಪ್ರತಿ ಹಿಡಿದು, ಸಾಲದ ಅವಧಿ ಮರುಹೊಂದಿಸಲು ಲಿಖಿತವಾಗಿ ಕೇಳಿ. ಕಂತು ತಪ್ಪಿ ನೋಟಿಸ್ ಬಂದಮೇಲೆ ಹೋದರೆ ಮ್ಯಾನೇಜರ ಕೈಯಲ್ಲಿ ಉಳಿಯುವ ದಾರಿಗಳು ಕಡಿಮೆ.

ಹಬಕ್ಕೂಕನ ಪುಸ್ತಕದ ಕೊನೆಗೆ, 3:17–18ರಲ್ಲಿ, ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಹಣ್ಣು ಬಿಡದಿದ್ದರೂ, ಹೊಲ ಬೆಳೆಯದಿದ್ದರೂ, ಕೊಟ್ಟಿಗೆ ಬರಿದಾದರೂ ದೇವರಲ್ಲಿ ಸಂತೋಷಿಸುವೆನು ಎಂದಿದೆ. ಬೆಳೆ ಹೋಯಿತೆಂಬುದನ್ನು ಪ್ರವಾದಿ ಒಂದೊಂದಾಗಿ ಎಣಿಸಿ ಹೇಳುತ್ತಾನೆ, ಮುಚ್ಚಿಡುವುದಿಲ್ಲ. ನಿಮ್ಮ ಹಾಳೆಯ ಮೇಲ್ಭಾಗದಲ್ಲಿ ಈ ಎರಡು ವಚನ ಬರೆದಿಡಿ.

ನಾವು ತೋಟದ ಕೂಲಿಗಾರರ ಲೈನ್ ಮನೆಯಲ್ಲಿದ್ದೇವೆ. ನನ್ನ ಗಂಡ ತೋಟದವರಿಂದ ಮುಂಗಡ ತೆಗೆದುಕೊಂಡು ತೀರಿಹೋದರು. ಸಾಲ ಮುಗಿಯುವವರೆಗೆ ತೋಟ ಬಿಟ್ಟು ಹೋಗಬಾರದು ಎನ್ನುತ್ತಾರೆ, ಸಂಬಳ ಅರ್ಧ ಕೊಡುತ್ತಾರೆ. ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂದು ವಾಕ್ಯ ಇದೆ, ಸಹಿಸಿಕೋ ಎನ್ನುತ್ತಾರೆ ಪ್ರಾರ್ಥನೆಗೆ ಬರುವವರು. ಬಿಟ್ಟು ಹೋದರೆ ಪಾಪವೇ? (ಸಿದ್ದಾಪುರ)

ಪಾಪವಲ್ಲ ಅಮ್ಮ. ಎಫೆಸ 6:5ನ್ನು ಓದಿದವರು 9ನೇ ವಚನವನ್ನೂ ಓದಬೇಕಿತ್ತು. ಅಲ್ಲಿ ಯಜಮಾನರಿಗೆ ಬೆದರಿಸುವುದನ್ನು ಬಿಡಿ ಎಂಬ ಅಪ್ಪಣೆಯಿದೆ. ಬಿಡುಗಡೆಯಾಗಲು ಸಾಧ್ಯವಿದ್ದರೆ ಅದನ್ನು ಉಪಯೋಗಿಸಿಕೋ ಎಂದು 1 ಕೊರಿಂಥ 7:21ರಲ್ಲಿ ಅದೇ ಪೌಲನು ದಾಸನಿಗೆ ಹೇಳುತ್ತಾನೆ. ಯಾಕೋಬ 5:4ರಲ್ಲಿ ಹೊಲ ಕೊಯ್ದವರ ತಡೆಹಿಡಿದ ಕೂಲಿಯೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟುತ್ತದೆ.

ಕಾನೂನೂ ನಿಮ್ಮ ಕಡೆಗಿದೆ. 1976ರ ಜೀತಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಮುಂಗಡದ ಕಾರಣಕ್ಕೆ ಬೇರೆಡೆ ದುಡಿಯುವ, ಓಡಾಡುವ ಸ್ವಾತಂತ್ರ್ಯ ಕಸಿದುಕೊಂಡರೆ ಅಥವಾ ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದು ಜೀತ. ಅಂಥ ಸಾಲ ಕಾನೂನಿನಲ್ಲಿ ತೀರಿಹೋದಂತೆಯೇ. ವಸೂಲಿಗೆ ದಾವೆ ಹಾಕಲು ಬರುವುದಿಲ್ಲ, ಗಂಡನ ಸಾಲವೆಂದು ಹೆಂಡತಿ ಮಕ್ಕಳ ತಲೆಗೆ ಕಟ್ಟಲೂ ಬರುವುದಿಲ್ಲ. ಜೀತಕ್ಕೆ ಇಟ್ಟುಕೊಂಡವರಿಗೆ ಮೂರು ವರ್ಷದವರೆಗೆ ಜೈಲು ಆಗಬಹುದು.

ಒಬ್ಬರೇ ಜಗಳಕ್ಕೆ ನಿಲ್ಲಬೇಡಿ, ರಾತ್ರೋರಾತ್ರಿ ಓಡಿಹೋಗಲೂ ಬೇಡಿ. ಓಡಿಹೋದವರ ಮೇಲೆ ಕಳ್ಳತನದ ದೂರು ಬೀಳುವ ಭಯವಿದೆ. ದುಡಿದ ದಿನ, ಕೈಗೆ ಬಂದ ಹಣ, ಹಿಡಿದುಕೊಂಡ ಹಣವನ್ನು ಮಕ್ಕಳ ಪುಸ್ತಕದಲ್ಲಾದರೂ ತಾರೀಕು ಹಾಕಿ ಬರೆದಿಡಿ. ಆಧಾರ್, ರೇಷನ್ ಕಾರ್ಡ್ ನಿಮ್ಮ ಬಳಿಯೇ ಇರಲಿ. ರೈಟರ (ತೋಟದ ಲೆಕ್ಕ ಬರೆಯುವವರ) ಬಳಿ ಇದ್ದರೆ ಆಸ್ಪತ್ರೆಗೆ ಬೇಕೆಂದು ಕೇಳಿ ಪಡೆಯಿರಿ. 15100ಕ್ಕೆ ಕರೆಮಾಡಿದರೆ ಕಾನೂನು ಸೇವಾ ಪ್ರಾಧಿಕಾರದ ನೆರವು ಸಿಗುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಅರ್ಜಿ ಜಿಲ್ಲಾಧಿಕಾರಿಗೆ ಅಥವಾ ಉಪವಿಭಾಗಾಧಿಕಾರಿಗೆ ಹೋಗಬೇಕು. ನಿಮ್ಮ ಫಾದರ್ ಅಥವಾ ಅಯ್ಯನವರನ್ನು ಕಚೇರಿಗೆ ಜೊತೆಗೆ ಬನ್ನಿ ಎಂದು ಕರೆಯಿರಿ, ಸಂಕೋಚ ಬೇಡ. ನಿಮ್ಮ ನೆರೆಯಲ್ಲೇ, ಅಮ್ಮತ್ತಿ ಕಡೆಯ ಆನಂದಪುರದಲ್ಲಿ, ಕನ್ನಡದ ಮೊದಲ ಪತ್ರಿಕೆ ತಂದ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1850ರ ದಶಕದಲ್ಲಿ ದಲಿತ ಕ್ರೈಸ್ತರಿಗೆ ನೆಲೆ ಮಾಡಿಕೊಟ್ಟರು. ಅಂದಿನವರಿಗೂ ಆತ್ಮದ ಬಿಡುಗಡೆಯ ಮಾತು ಕಾಲೂರಲು ನೆಲವಿಲ್ಲದೆ ಸಾಲುತ್ತಿರಲಿಲ್ಲ.

ತಮ್ಮನಿಗೆ ಕ್ಷಯ. ಎರಡು ತಿಂಗಳಲ್ಲಿ ಚೇತರಿಸಿಕೊಂಡ. ನಂಬಿಕೆ ಇದ್ದರೆ ಮಾತ್ರೆ ಬೇಡವೆಂದು ಪ್ರಾರ್ಥನೆಯವರು ಹೇಳಿದ್ದಾರೆ. (ಸೋಮವಾರಪೇಟೆ)

ಮಾತ್ರೆ ಇವತ್ತೇ ಮುಂದುವರಿಸಲಿ. ಸಾಮಾನ್ಯ ಕ್ಷಯದ ಚಿಕಿತ್ಸೆ ಆರು ತಿಂಗಳು. ಮೊದಲೆರಡು ತಿಂಗಳಲ್ಲಿ ಹೆಚ್ಚಿನ ರೋಗಾಣುಗಳು ಸಾಯುವುದರಿಂದ ಕೆಮ್ಮು, ಜ್ವರ ನಿಂತು ತೂಕ ಏರುತ್ತದೆ. ಅಡಗಿ ಉಳಿದವುಗಳಿಗಾಗಿಯೇ ಮಿಕ್ಕ ನಾಲ್ಕು ತಿಂಗಳು. ನಡುವೆ ಬಿಟ್ಟರೆ ಉಳಿದ ರೋಗಾಣುಗಳು ಔಷಧಿಗೆ ಬಗ್ಗದವಾಗಿ ಮರಳಬಹುದು, ಮನೆಯವರಿಗೂ ಹರಡಬಹುದು. ಈಗಾಗಲೇ ಕೆಲವು ದಿನ ಬಿಟ್ಟಿದ್ದರೆ ಎಷ್ಟು ದಿನವೆಂದು ಆಸ್ಪತ್ರೆಯಲ್ಲಿ ನಿಜ ಹೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ. ಯಾಕೋಬ 5:14 ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಲು ಹೇಳುತ್ತದೆಯೇ ಹೊರತು ಔಷಧಿ ಬಿಡಲು ಹೇಳುವುದಿಲ್ಲ. ಪೌಲನ ಜೊತೆಗಿದ್ದ ಲೂಕನೇ ವೈದ್ಯನಾಗಿದ್ದ (ಕೊಲೊಸ್ಸೆ 4:14). ಮಾತ್ರೆ ನುಂಗುವ ಹೊತ್ತಿಗೇ ಮನೆಯವರೆಲ್ಲ ಸೇರಿ ಪ್ರಾರ್ಥಿಸುವುದನ್ನು ರೂಢಿ ಮಾಡಿ, ಎರಡೂ ತಪ್ಪುವುದಿಲ್ಲ.

ಕೊಲ್ಲಿ ದೇಶದಲ್ಲಿದ್ದಾಗ ಅಪ್ಪ ಕೊರೊನಾದಲ್ಲಿ ತೀರಿಕೊಂಡರು, ಬರಲಾಗಲಿಲ್ಲ. ಅದಕ್ಕೂ ಮೊದಲಿನಿಂದ ಚರ್ಚಿಗೆ ದೂರವಾಗಿದ್ದೆ. ಈಗ ಪಾಪನಿವೇದನೆ ಮಾಡಬೇಕೆನಿಸುತ್ತದೆ, ಎಲ್ಲಿಂದ ಆರಂಭಿಸಲಿ ಗೊತ್ತಿಲ್ಲ. ನಮ್ಮೂರಿನ ಫಾದರ್ ಪರಿಚಿತರು, ನಾಚಿಕೆ. (ವಿರಾಜಪೇಟೆ)

ನಿಮ್ಮ ಎದೆಯ ಮೇಲೆ ಎರಡು ಹೊರೆಗಳಿವೆ. ವಿಮಾನವೇ ಇಲ್ಲದ ಕಾಲದಲ್ಲಿ ಅಪ್ಪನ ಅಂತ್ಯಕ್ರಿಯೆಗೆ ಬರಲಾಗದ್ದು ದುಃಖ. ಅದಕ್ಕೆ ಕ್ಷಮೆ ಬೇಕಿಲ್ಲ, ಅಳು ಬೇಕು. ಅಪ್ಪನ ಹೆಸರಿನಲ್ಲಿ ಚರ್ಚಿನಲ್ಲಿ ಬಲಿಪೂಜೆ (ಮಾಸ್) ಮಾಡಿಸಿ, ಸಮಾಧಿಯ ಮುಂದೆ ನಿಂತು ಅಂದು ಹೇಳಬೇಕೆಂದಿದ್ದನ್ನು ಗಟ್ಟಿಯಾಗಿ ಹೇಳಿ. ನವೆಂಬರ್ 2ರ ಮೃತರ ಸ್ಮರಣೆಯವರೆಗೆ ಕಾಯಬೇಕಾಗಿಲ್ಲ. ಅವರು ಬದುಕಿದ್ದಾಗ ಫೋನು ಮಾಡದೆ ಉಳಿಸಿಕೊಂಡ ಸಿಟ್ಟು ಇದ್ದರೆ ಅದು ಬೇರೆ, ಅದನ್ನು ನಿವೇದನೆಗೆ ಒಯ್ಯಿರಿ.

ನಿವೇದನೆಗೆ ಐದು ಹೆಜ್ಜೆ: ಆತ್ಮಶೋಧನೆ, ಪಶ್ಚಾತ್ತಾಪ, ಇನ್ನು ಮಾಡೆನೆಂಬ ಸಂಕಲ್ಪ, ಗುರುಗಳ ಮುಂದೆ ಹೇಳುವುದು, ಅವರು ಕೊಟ್ಟ ಪ್ರಾಯಶ್ಚಿತ್ತ ನೆರವೇರಿಸುವುದು. ಹತ್ತು ಆಜ್ಞೆಗಳನ್ನು ಎದುರಿಗಿಟ್ಟುಕೊಂಡು ಅರ್ಧ ಗಂಟೆ ಕುಳಿತು ಚೀಟಿಯಲ್ಲಿ ಬರೆದುಕೊಳ್ಳಿ. ಬರೆಯದೆ ಹೋದರೆ ನಡುಕದಲ್ಲಿ ದೊಡ್ಡದು ಮರೆತು ಸಣ್ಣದನ್ನೇ ಹೇಳಿ ಬರುತ್ತೀರಿ. ಕ್ರಿಸ್ಮಸ್, ಈಸ್ಟರ್ ಹಿಂದಿನ ಸಾಲಿನಲ್ಲಿ ನಿಲ್ಲಬೇಡಿ, ಅಲ್ಲಿ ಸಮಯ ಸಿಗುವುದಿಲ್ಲ. ಫೋನ್ ಮಾಡಿ ವಾರದ ನಡುವಿನ ಒಂದು ದಿನ ಅರ್ಧ ಗಂಟೆ ಕೇಳಿ. 'ತುಂಬ ವರ್ಷವಾಯಿತು ಫಾದರ್, ಕ್ರಮ ಮರೆತಿದೆ' ಎಂದರೆ ಅವರೇ ಒಂದೊಂದಾಗಿ ಕೇಳಿ ಹೇಳಿಸುತ್ತಾರೆ. ಘೋರ ಪಾಪವಿದ್ದರೆ ಯಾವುದು, ಸುಮಾರು ಎಷ್ಟು ಸಲ ಎಂದು ಹೇಳಬೇಕು. ವಿವರಣೆ, ಇತರರ ತಪ್ಪು ಬೇಡ. ಮರೆತದ್ದು ಕ್ಷಮೆಯಲ್ಲಿ ಸೇರಿಹೋಗುತ್ತದೆ, ಮುಂದೆ ನೆನಪಾದಾಗ ಹೇಳಿದರಾಯಿತು. ಬೇಕೆಂದೇ ಮುಚ್ಚಿಟ್ಟರೆ ನಿವೇದನೆ ಪೂರ್ತಿಯಾಗದು.

ನಾಚಿಕೆಗೆ ಪರಿಹಾರ ಸುಲಭ, ಬೇರೆ ಊರಿನ ಗುರುಗಳ ಬಳಿ ಹೋಗಬಹುದು. ಎಲ್ಲಿ ಮಾಡಿದರೂ ಕೇಳಿದ್ದನ್ನು ಅವರು ಪೊಲೀಸರಿಗೂ ನಿಮ್ಮ ಮನೆಯವರಿಗೂ ಹೇಳುವಂತಿಲ್ಲ. ಗುಟ್ಟು ನೇರವಾಗಿ ಬಿಟ್ಟುಕೊಟ್ಟ ಗುರುಗಳಿಗೆ ಧರ್ಮಸಭೆಯ ಕಾನೂನಿನಲ್ಲಿ ಬಹಿಷ್ಕಾರ ತಾನಾಗಿಯೇ ಬೀಳುತ್ತದೆ. ಒಮ್ಮೆ ಕ್ಷಮೆಯಾದದ್ದನ್ನು ಪ್ರತಿ ಸಲ ಮತ್ತೆ ಹೇಳಬೇಡಿ. ಹಾಗೆ ಹೇಳದೆ ನೆಮ್ಮದಿಯೇ ಇಲ್ಲವಾದರೆ ಅದನ್ನೂ ಗುರುಗಳಿಗೆ ತಿಳಿಸಿ, ಒಬ್ಬರೇ ಗುರುಗಳ ಬಳಿ ಮುಂದುವರಿಸಿ.

ಸಾವಾದ ಮನೆಗೆ ಹೋದಾಗ ಏನು ಹೇಳಬೇಕು? (ಗೋಣಿಕೊಪ್ಪ)

ಯೋಬನ ಗೆಳೆಯರು ಏಳು ದಿನ ಅವನ ಜೊತೆ ನೆಲದಲ್ಲಿ ಸುಮ್ಮನೆ ಕುಳಿತರು (ಯೋಬ 2:13). ಅವರು ತಪ್ಪಿದ್ದು ಬಾಯಿ ತೆರೆದ ಮೇಲೆ. 'ದೇವರ ಚಿತ್ತ', 'ಒಳ್ಳೆಯವರನ್ನು ಬೇಗ ಕರೆಯುತ್ತಾನೆ' ಎನ್ನಬೇಡಿ. ಸತ್ತವರ ಹೆಸರು ಹಿಡಿದು ಅವರ ಒಂದು ಒಳ್ಳೆಯ ಕೆಲಸ ನೆನೆದರೆ ಸಾಕು. 'ಏನಾದರೂ ಬೇಕಿದ್ದರೆ ಹೇಳಿ' ಎಂದರೆ ದುಃಖದಲ್ಲಿರುವವರು ಕೇಳುವುದಿಲ್ಲ. 'ನಾಳೆ ಮಧ್ಯಾಹ್ನ ಎಂಟು ಜನಕ್ಕೆ ಅನ್ನ ಸಾರು ತರುತ್ತೇನೆ', 'ಮರಣ ಪ್ರಮಾಣಪತ್ರಕ್ಕೆ ಪಂಚಾಯಿತಿಗೆ ನಾನು ಹೋಗುತ್ತೇನೆ' ಎಂದು ಗುರುತು ಮಾಡಿ ಹೇಳಿ. ಸಾವಾದ 21 ದಿನದೊಳಗೆ ನೋಂದಾಯಿಸಬೇಕು, ದುಃಖದಲ್ಲಿ ಇದು ತಪ್ಪಿಹೋಗುವುದೇ ಹೆಚ್ಚು. ಎಲ್ಲರೂ ಮೊದಲ ವಾರ ಬರುತ್ತಾರೆ. ನೀವು ಐದನೇ ವಾರ ಹೋಗಿ, ಆಗ ಮನೆ ಖಾಲಿಯಿರುತ್ತದೆ. ಪ್ರಾರ್ಥನೆ ಮಾಡಲೇ ಎಂದು ಕೇಳಿ, ಹೂಂ ಎಂದರೆ ಕೀರ್ತನೆ 23 ಓದಿ ಎರಡು ನಿಮಿಷದಲ್ಲಿ ಮುಗಿಸಿ. ಬೇಡವೆಂದರೆ ಕಾಫಿ ಕುಡಿದು, ಇನ್ನೊಂದು ದಿನ ಬರುತ್ತೇನೆಂದು ವಾರ ಹೇಳಿ ಹೊರಡಿ.